ಥರ್ಮಾಕೋಲ್ ನೆಲ

ಕೆಂಚಯ್ಯ ಗುರುಗಳ ಆಶ್ರಮದಲ್ಲಿ ಎಷ್ಟು ಹುಡುಕಿದರೂ ಒಂದು ಜಪಮಾಲೆ ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ಥರ್ಮಾಕೋಲ್.

ಟೀವಿ ಡಬ್ಬದ್ದು, ಫ್ರಿಜ್ ಡಬ್ಬದ್ದು, ಮೀನಿನ ಪೆಟ್ಟಿಗೆಯದ್ದು. ಪೇಟೆಯವರು ಬಿಸಾಡಿದ್ದನ್ನೆಲ್ಲ ಅವರು ಹೊಳೆದಂಡೆಯ ತಗಡಿನ ಸೂರಿನಡಿ ತಂದು ಪೇರಿಸಿದ್ದರು. ದೂರದಿಂದ ನೋಡಿದವರಿಗೆ ಹಿಮಾಲಯ. ಹತ್ತಿರ ಬಂದರೆ ಮೀನಿನ ವಾಸನೆ.

ಅದರಲ್ಲಿ ಅವರು ನೆಲ ಮಾಡುತ್ತಿದ್ದರು.

ನವರಾತ್ರಿಗೆ ಗೊಂಬೆ ಕೂರಿಸುವವರು ಬಂದು ಕೇಳುತ್ತಿದ್ದರು. ಒಬ್ಬರಿಗೆ ಬೆಟ್ಟ ಬೇಕು, ಇನ್ನೊಬ್ಬರಿಗೆ ಸಂತೆಬೀದಿ, ಮತ್ತೊಬ್ಬರಿಗೆ ಕೆರೆ ಏರಿ. ಗೊಂಬೆ ಅವರವರದ್ದು. ಗೊಂಬೆ ನಿಲ್ಲುವ ನೆಲ ಗುರುಗಳದ್ದು.

ಶಿಷ್ಯನಾಗುತ್ತೇನೆ ಅಂತ ಬಂದು ಕೂತಿದ್ದವನು ಜವರ. ಮಾವನ ಪಂಕ್ಚರ್ ಅಂಗಡಿಯಲ್ಲಿದ್ದವನು. ಅಲ್ಲಿ ಗಿರಾಕಿಯೊಬ್ಬರು ಟೀ ಕುಡಿದು ಬರುವುದರೊಳಗೆ ಅವರ ಸೈಕಲ್ ಹ್ಯಾಂಡಲನ್ನು ಹಿಂದುಮುಂದು ತಿರುಗಿಸಿಟ್ಟು ಒದೆ ತಿಂದು ಹೊರಬಿದ್ದಿದ್ದ. ಶಾಲೆಯಿಂದ ಹೊರಬಿದ್ದದ್ದು ಅದಕ್ಕೂ ಮುಂಚೆ. ಎಲ್ಲಿಯೂ ಒಂದು ಹಬ್ಬದಿಂದ ಮುಂದಿನ ಹಬ್ಬದವರೆಗೆ ಉಳಿದ ಆಸಾಮಿಯಲ್ಲ.

ಇಲ್ಲಿ ಮಾತ್ರ ಉಳಿಯಬೇಕು ಅಂತ ಆಸೆ. ಯಾಕೆ ಅಂತ ಅವನಿಗೇ ಗೊತ್ತಿರಲಿಲ್ಲ.

ಆಸೆ ಇದ್ದರೂ ಚೇಷ್ಟೆ ಬಿಡಬೇಕಲ್ಲ. ಗುರುಗಳು ಯಾರಿಗೋ ಬೃಂದಾವನ ಮಾಡಿಟ್ಟಿದ್ದರು. ಜವರ ಅದರ ನಡುವೆ ಒಂದು ಪ್ಲಾಸ್ಟಿಕ್ ಡೈನೋಸಾರ್ ನಿಲ್ಲಿಸಿ, ಬಾಗಿಲ ಹಿಂದೆ ಬಾಯಿ ಮುಚ್ಚಿಕೊಂಡು ಕಾದ.

ಗುರುಗಳು ಬಂದರು. ನೋಡಿದರು.

"ಪಾಪ, ಇದಕ್ಕೂ ನಿಲ್ಲೋಕೆ ಜಾಗ ಸಿಕ್ತಲ್ಲ," ಅಂದು ಹೊಳೆಗೆ ಸ್ನಾನಕ್ಕೆ ಹೋದರು.

ಜವರ ಬಾಯಿಂದ ಕೈ ತೆಗೆದ.

ಆಮೇಲೊಂದು ದಿನ ಅವನು ಕೇಳಿದ: "ಗುರುಗಳೇ, ಬಂದವರೆಲ್ಲ ಗೊಂಬೆ ನೋಡ್ತಾರೆ. ನೆಲ ಯಾರು ನೋಡ್ತಾರೆ?"

"ಯಾರೂ ನೋಡಲ್ಲ."

"ಮತ್ಯಾಕೆ ಇಷ್ಟು ಒದ್ದಾಡ್ತೀರಿ?"

ಗುರುಗಳು ಎದ್ದರು. ಜವರ ಕೂತಿದ್ದ ಸ್ಟೂಲನ್ನು ಸರಕ್ಕನೆ ಎಳೆದರು. ಜವರ ದೊಪ್ಪನೆ ಬಿದ್ದ.

"ಈಗ ನೋಡಿದೆಯಲ್ಲ," ಅಂದರು.

ಚೇಷ್ಟೆಯಲ್ಲಿ ತನ್ನನ್ನು ಮೀರಿಸಿದ ಮನುಷ್ಯನನ್ನು ಜವರ ಮೊದಲ ಸಲ ಕಂಡ. ಕುಂಡೆ ಉಜ್ಜಿಕೊಳ್ಳುತ್ತಲೇ ಕೈಮುಗಿದ.

ಹಬ್ಬ ಹತ್ತಿರ ಬಂದಾಗ ಸಾಕಮ್ಮ ಎಂಬ ಮುದುಕಿ ಮಡಿಲಲ್ಲಿ ಬಟ್ಟೆಗಂಟು ಇಟ್ಟುಕೊಂಡು ಬಂದಳು. ಬಿಚ್ಚಿದಳು. ಒಳಗೆ ಪಟ್ಟದ ಗೊಂಬೆಗಳು. ಕೆಂಪು ಮರದ ಗಂಡು, ಕೆಂಪು ಮರದ ಹೆಣ್ಣು.

"ನನ್ನ ಮದುವೇಲಿ ತವರಿನವರು ಕೊಟ್ಟದ್ದು ಅಯ್ಯಾ. ವರ್ಷಾವರ್ಷ ನಮ್ಮನೆ ಜಗಲಿ ಮೇಲೆ ಕೂರಿಸ್ತಿದ್ದೆ. ಅಣೆಕಟ್ಟಿನ ನೀರು ಬಂದು ಊರು ಮುಳುಗಿದ ಮೇಲೆ ಪೆಟ್ಟಿಗೆಯಿಂದ ತೆಗೆದಿಲ್ಲ."

"ಯಾಕಜ್ಜಿ?" ಅಂದ ಜವರ.

"ಎಲ್ಲಿ ನಿಲ್ಲಿಸಲಪ್ಪ?"

ಜವರ ಸ್ಟೂಲನ್ನು ಅವಳ ಕಡೆ ಸರಿಸಿದ.

"ಮೊಮ್ಮಗಳ ಮದುವೆ ಗೊತ್ತಾಗಿದೆ," ಅಂದಳು ಸಾಕಮ್ಮ. "ಇನ್ನು ಇವು ಅವಳವು. ಕೊಡೋ ಮುಂಚೆ ಒಂದೇ ಒಂದು ಸಲ ನಮ್ಮ ಜಗಲಿ ಮೇಲೆ ನೋಡಬೇಕು."

ಗುರುಗಳು ಅವಳನ್ನು ಹೊಳೆಯ ಮರಳಿನ ಮೇಲೆ ಕೂರಿಸಿದರು. ಅವಳು ಬೆರಳಲ್ಲಿ ಗೀಚಿ ತೋರಿಸಿದಳು. ಇದು ಜಗಲಿ. ಇಲ್ಲಿಂದ ಓಣಿ. ಓಣಿ ಇಲ್ಲಿ ಸೊಟ್ಟ, ಯಾಕೆಂದರೆ ಬೇವಿನಮರ ಅಡ್ಡ ಇತ್ತು, ಕಡಿಯಲು ಯಾರಿಗೂ ಮನಸ್ಸು ಬರಲಿಲ್ಲ. ಓಣಿಯ ತುದಿಗೆ ಗುಡ್ಡ.

ಅವಳು ಹೋದ ಮೇಲೆ ಗುರುಗಳು ಜವರನ ಮುಂದೆ ಒಂದು ದಪ್ಪ ಥರ್ಮಾಕೋಲ್ ಹಲಗೆ ಇಟ್ಟರು.

"ಈ ನೆಲ ನಿನ್ನದು. ಇದು ನಿಂತರೆ ನೀನೂ ಇಲ್ಲಿ ನಿಲ್ತೀಯ. ಇಲ್ಲಾಂದ್ರೆ ಮಾವನ ಅಂಗಡಿ ಇದ್ದೇ ಇದೆ."

ಜವರ ಆ ದಿನ ಊಟ ಮರೆತ.

ಕಾದ ತಂತಿಯಲ್ಲಿ ಕೊಯ್ದ. ಜಲ್ಲಿಕಲ್ಲಲ್ಲಿ ತಟ್ಟಿ ತಟ್ಟಿ ನುಣುಪನ್ನು ಬಂಡೆ ಮಾಡಿದ. ಮೈದಾ ಅಂಟಲ್ಲಿ ಪೇಪರ್ ಚೂರು ಮೆತ್ತಿದ. ಸೋಸಿ ಬಿಸಾಡಿದ ಚಹಾಪುಡಿಯನ್ನು ಒಣಗಿಸಿ ಉದುರಿಸಿದ. ಒಂದು ಮಳೆ ಬಿದ್ದು ಬಿಟ್ಟ ಮಣ್ಣಿನ ಹಾಗೆ ಕಂಡಿತು. ಪಾತ್ರೆ ತಿಕ್ಕುವ ಸ್ಪಂಜು ಹರಿದು, ಬಣ್ಣ ಹಾಕಿ, ಬೇವಿನಮರ ಮಾಡಿದ.

ಗುರುಗಳು ಒಂದೇ ಮಾತು ಹೇಳಿದ್ದರು. ಜಗಲಿ ಒಂದು ಮೊಳ ಅಗಲ ಇರಲಿ, ಓಣಿ ಹಿಂದೆ ಹೋಗ್ತಾ ಹೋಗ್ತಾ ಸಣ್ಣಗಾಗಲಿ, ಗುಡ್ಡ ಮುಷ್ಟಿಯಷ್ಟೇ ಇರಲಿ.

ಜವರ ಮೇಲಿಂದ ನೋಡಿ ನಕ್ಕ. "ಗುರುಗಳೇ, ಇದು ಗುಡ್ಡ ಅಲ್ಲ, ಬೋಂಡಾ. ಜಗಲಿ ಪಕ್ಕ ಇಟ್ಟರೆ ಚಟ್ನಿ ಕೇಳುತ್ತೆ."

"ಕೇಳಿದರೆ ಕೊಡು," ಅಂದರು ಗುರುಗಳು.

ಕೊನೆಗೆ ಜಗಲಿಯನ್ನು ನೆಲಕ್ಕೆ ಅಂಟಿಸುವುದು ಉಳಿಯಿತು. ಮೈದಾ ಅಂಟು ಒಣಗಲು ಒಂದಿಡೀ ದಿನ ಬೇಕು. ಸಾಕಮ್ಮ ಬರುವುದು ಅದೇ ಸಂಜೆ. ಜವರನಿಗೆ ತನ್ನ ಚೀಲದಲ್ಲಿದ್ದ ಟ್ಯೂಬು ನೆನಪಾಯಿತು. ಪಂಕ್ಚರ್ ಸೊಲ್ಯೂಷನ್. ಲಾರಿ ಟಯರನ್ನೇ ಹಿಡಿದು ನಿಲ್ಲಿಸುತ್ತೆ, ಈ ಹತ್ತಿಯಂಥದ್ದನ್ನು ನಿಲ್ಲಿಸಲ್ಲವಾ?

ಧಾರಾಳವಾಗಿ ಹಚ್ಚಿ, ಜಗಲಿ ಕೂರಿಸಿ, ಒತ್ತಿ ಹಿಡಿದ.

ಒಳಗಿಂದ ಸರ್ರ್ ಅಂತ ಸದ್ದು. ಬಿಸಿ ಕಾವಲಿಗೆ ನೀರು ಚಿಮುಕಿಸಿದ ಹಾಗೆ.

ಅವನು ಪಕ್ಕದಿಂದ ಬಗ್ಗಿ ನೋಡಿದ. ಸೊಲ್ಯೂಷನ್ ಥರ್ಮಾಕೋಲನ್ನು ತಿನ್ನುತ್ತಿತ್ತು. ಜಗಲಿಯ ಹೊಟ್ಟೆ ಕರಗಿತು, ಅದರ ಕೆಳಗಿನ ನೆಲದ ಹೊಟ್ಟೆ ಕರಗಿತು. ಮೇಲೆ ಉಳಿದದ್ದು ಪೇಪರಿನ ಸಿಪ್ಪೆ ಮತ್ತು ಚಹಾಪುಡಿ.

ಇನ್ನೊಂದು ಮಾಡಲು ಹೊತ್ತಿಲ್ಲ. ಬಿರುಕಿಗೆ ಪೇಪರ್ ಮೆತ್ತಿದ. ಮತ್ತಷ್ಟು ಚಹಾಪುಡಿ ಉದುರಿಸಿದ. ಕಣ್ಣಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೂ ಹೋಗಿ ತನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡ. ಇಂಥ ಕೆಲಸದ ಮುಂದಿನ ಭಾಗ ಅವನಿಗೆ ಬಾಯಿಪಾಠ.

ಗುರುಗಳು ಒಳಗೆ ಬಂದು ಮೂಗು ಅರಳಿಸಿದರು.

"ಏನೋ ವಾಸನೆ?"

"ಹೊಳೆ ಕಡೆಯಿಂದ ಗುರುಗಳೇ."

"ಹೊಳೆ ಪಂಕ್ಚರ್ ಆಗಿದೆಯೇನೋ?"

ಜವರ ತಲೆ ಎತ್ತಲಿಲ್ಲ. ಗುರುಗಳು ಎರಡು ಮಣೆ ಎತ್ತಿಕೊಂಡು ಹೊರಗೆ ಹೋದರು.

ಸಂಜೆ ಸಾಕಮ್ಮ ಬಂದಳು. ಒಳಗಿನ ಮೀನಿನ ವಾಸನೆ ಅವಳಿಗೆ ಬೇಡ ಅಂತ ನೆಲವನ್ನು ಹೊರಗೆ, ಹೊಳೆಯಂಚಿನ ಮರಳಿನ ತಗ್ಗಿನಲ್ಲಿ, ಎರಡು ಮಣೆಗಳ ಮೇಲೆ ಇಟ್ಟಿದ್ದರು.

ಅವಳು ಮೇಲಿಂದ ನೋಡಿದಳು. "ಹ್ಞೂಂ," ಅಂದಳು. ಚೆನ್ನಾಗಿದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

ಗಂಟು ಬಿಚ್ಚಿ ಗೊಂಬೆಗಳನ್ನು ಒಂದರ ಪಕ್ಕ ಒಂದು ಜಗಲಿಯ ಮೇಲೆ ನಿಲ್ಲಿಸಿದಳು.

ಚರಕ್ ಅಂದಿತು.

ಗಂಡುಗೊಂಬೆ ಮಂಡಿಯವರೆಗೆ ಇಳಿಯಿತು. ಹೆಣ್ಣುಗೊಂಬೆ ಅದರ ಭುಜಕ್ಕೆ ವಾಲಿಕೊಂಡು ತಾನೂ ಇಳಿಯಿತು.

ಜವರನ ನಾಲಿಗೆಯ ತುದಿಗೆ ಮಾತು ಬಂದೇ ಬಿಟ್ಟಿತ್ತು, ಗೊಂಬೆಗೂ ಮಂಡಿನೋವು ಅಜ್ಜಿ ಅಂತ. ಅವಳ ಮುಖ ನೋಡಿದ. ಮಾತು ಸತ್ತಿತು.

"ಮತ್ತೆ ನೀರು ಬಂತಾ?" ಅಂದಳು ಸಾಕಮ್ಮ. ಯಾರನ್ನೂ ಕೇಳಿದ್ದಲ್ಲ.

ಗುರುಗಳು ಜವರನ ಕಡೆ ನೋಡಿದರು.

ಜವರ ಧಡಕ್ಕನೆ ಹೊಟ್ಟೆಯಡಿಯಾಗಿ ಮಲಗಿದ. ಮಣೆಗಳ ನಡುವೆ ಕೈ ತೂರಿಸಿದ. ಕರಗಿ ತೆಳ್ಳಗಾಗಿದ್ದ ತಳ ಹಪ್ಪಳದ ಹಾಗೆ ಮುರಿದು ದಾರಿ ಬಿಟ್ಟಿತು. ಗೊಂಬೆಗಳ ಪಾದ ಅವನ ಅಂಗೈಗೆ ತಾಗಿತು. ಮೆಲ್ಲಗೆ, ಮೆಲ್ಲಗೆ ಎತ್ತಿದ. ಗೊಂಬೆಗಳು ಮಂಡಿಯಿಂದ ಮೇಲೆ ಬಂದು, ಕಣಕಾಲಿನಿಂದ ಮೇಲೆ ಬಂದು, ನೆಟ್ಟಗೆ ನಿಂತವು.

"ನೀರಲ್ಲ ಅಜ್ಜಿ. ನಾನು. ಅವಸರಕ್ಕೆ ಪಂಕ್ಚರ್ ಸೊಲ್ಯೂಷನ್ ಹಚ್ಚಿದೆ, ಅದು ತಿಂದುಹಾಕ್ತು. ಮುಚ್ಚಿಟ್ಟಿದ್ದೆ." ಮೊಣಕೈಯನ್ನು ಮರಳಿಗೆ ಊರಿದ. "ನೀವು ನೋಡಿ. ಬೀಳೋಕೆ ಬಿಡಲ್ಲ. ಹಿಡಿದಿದ್ದೀನಿ."

ಸಾಕಮ್ಮ ನಿಂತಲ್ಲಿಂದಲೇ ನೋಡಿದಳು.

"ತಾಯಿ," ಅಂದರು ಗುರುಗಳು, "ಮೇಲಿಂದ ಅಲ್ಲ. ಬಗ್ಗಿ."

ಅವಳು ಕಷ್ಟಪಟ್ಟು ಕೂತಳು. ಕೈಯೂರಿ ಬಗ್ಗಿದಳು. ಆಮೇಲೆ ದೇವರಿಗೆ ಅಡ್ಡಬಿದ್ದ ಹಾಗೆ ಕೆನ್ನೆಯನ್ನು ಮರಳಿಗೆ ತಾಗಿಸಿ ಮಲಗಿದಳು. ಜವರನ ಗಲ್ಲವೂ ಮರಳಲ್ಲೇ ಇತ್ತು. ಅವನೂ ಅದೇ ಮೊದಲ ಸಲ ಅಷ್ಟು ಕೆಳಗಿಂದ ನೋಡಿದ್ದು.

ಬೋಂಡಾ ಇರಲಿಲ್ಲ.

ದೂರದಲ್ಲಿ ಒಂದು ಗುಡ್ಡ ಇತ್ತು. ಗಂಟೆಗಟ್ಟಲೆ ನಡೆದರೂ ಮುಟ್ಟಲಾಗದಷ್ಟು ದೂರ. ಅದರ ಬುಡದಿಂದ ಒಂದು ಓಣಿ ಹೊರಟು, ಬೇವಿನಮರವನ್ನು ಬಳಸಿ, ಸೊಟ್ಟಗೆ ತಿರುಗಿ, ಅಗಲವಾಗುತ್ತಾ ಅಗಲವಾಗುತ್ತಾ ಅವನ ಮೂಗಿನವರೆಗೆ ಬರುತ್ತಿತ್ತು. ಹಿಂದೆ ನಿಜವಾದ ಆಕಾಶ. ಮುಳುಗುವ ಸೂರ್ಯನ ಬೆಳಕು ಚಹಾಪುಡಿಯ ಮೇಲೆ ಬಿದ್ದು, ಒಂದೊಂದು ಕಾಳಿಗೂ ಅದರದೇ ನೆರಳು ಇತ್ತು. ಜಗಲಿಯ ಮೇಲೆ ಇಬ್ಬರು ನಿಂತು ಓಣಿ ನೋಡುತ್ತಿದ್ದರು. ಅವರು ಗೊಂಬೆಗಳಾಗಿರಲಿಲ್ಲ.

ಇದನ್ನು ನಾನು ಮಾಡಿದೆನಾ? ಜವರ ಯೋಚಿಸಿದ. ಜಲ್ಲಿಕಲ್ಲು ಹಿಡಿದು ತಟ್ಟಿದ್ದು ನೆನಪಿತ್ತು. ಇಷ್ಟು ದೊಡ್ಡದನ್ನು ಮಾಡಿದ್ದು ನೆನಪಿರಲಿಲ್ಲ.

ಓಣಿಯ ತುದಿಯಲ್ಲಿ ಒಂದು ಕೆಂಪಿರುವೆ ಕಾಣಿಸಿತು. ಗುಡ್ಡದ ಕಡೆಯಿಂದ ಇಳಿದು, ಬೇವಿನಮರದ ಹತ್ತಿರ ಕ್ಷಣ ನಿಂತು, ಮತ್ತೆ ನಡೆಯಿತು. ಹೊಟ್ಟೆ ತುಂಬಾ ಮೇದು ಬರುವ ದನದ ನಡಿಗೆ.

"ಅಗೋ," ಅಂದಳು ಸಾಕಮ್ಮ ಪಿಸುಮಾತಲ್ಲಿ. "ನಮ್ಮ ಕೆಂದೆ. ಎಲ್ಲಾ ಹಸು ಬಂದರೂ ಇದು ಕೊನೆಗೇ ಬರೋದು."

ಜವರನಿಗೆ ನಗು ಬರಲಿಲ್ಲ. ಇರುವೆಗೆ ದಾರಿ ತಪ್ಪದಿರಲಿ ಅಂತ ಉಸಿರು ಹಿಡಿದ.

ಇರುವೆ ಓಣಿಯುದ್ದಕ್ಕೂ ಬಂತು. ಜಗಲಿಯವರೆಗೂ ಬಂತು. ಹೆಣ್ಣುಗೊಂಬೆಯ ಸೀರೆಯಂಚಿನ ಹತ್ತಿರ ನಿಂತಿತು.

"ಬಂದೆಯಾ?" ಅಂದಳು ಸಾಕಮ್ಮ.

ಅವಳ ಕಣ್ಣು ಒಂದೊಂದೇ ಬಾಗಿಲಿಗೆ ಹೋಗಿ ನಿಂತು ಬರುತ್ತಿತ್ತು. ಜವರ ಮಾಡಿರದ ಬಾಗಿಲುಗಳು.

ಜವರನ ಮೊಣಕೈ ಮೊದಲು ಉರಿಯಿತು, ಆಮೇಲೆ ನಡುಗಿತು, ಆಮೇಲೆ ಜೋಮು ಹಿಡಿಯಿತು. ಗೊಂಬೆಗಳು ಕೊಂಚ ಅಲುಗಿದವು. ಹಲ್ಲು ಕಚ್ಚಿದ. ಸ್ಥಿರವಾದವು.

ಕಣ್ಣಂಚಿನಲ್ಲಿ ಗುರುಗಳು ಎದ್ದು ಒಳಗೆ ಹೋದದ್ದು ಕಂಡಿತು. ಬಾಗಿಲ ಬಳಿ ಅವನು ಕಟ್ಟಿಟ್ಟಿದ್ದ ಚೀಲವನ್ನು ಎತ್ತಿಕೊಂಡರು. ಆಯ್ತು, ಕೈಗೆ ಕೊಟ್ಟು ಕಳಿಸುತ್ತಾರೆ ಅಂದುಕೊಂಡ.

ಗುರುಗಳು ಚೀಲವನ್ನು ಗೋಡೆಯ ಮೊಳೆಗೆ, ತಮ್ಮ ಅಂಗವಸ್ತ್ರದ ಪಕ್ಕ, ನೇತುಹಾಕಿದರು. ಬಂದು ಅವನ ತಲೆಯ ಹತ್ತಿರ ಕೂತರು.

ಸಾಕಮ್ಮ ಇನ್ನೂ ನೋಡುತ್ತಲೇ ಇದ್ದಳು. ಗುಡ್ಡದ ಹಿಂದೆ ಬೆಳಕು ಕೆಂಪಾಗುತ್ತಿತ್ತು.

ಅವಳಿಗೆ ಕೇಳಿಸದ ಹಾಗೆ ಜವರ ಪಿಸುಗುಟ್ಟಿದ: "ಗುರುಗಳೇ, ಕೈ ನನ್ನದೇ ಅನ್ನಿಸ್ತಿಲ್ಲ. ಇನ್ನೂ ಎಷ್ಟು ಹೊತ್ತು ಹಿಡಿದಿರಲಿ?"

ಗುರುಗಳು ಅವನ ಕಿವಿಯ ಹತ್ತಿರ ಬಗ್ಗಿದರು.

"ನೆಲ ಯಾವತ್ತಾದರೂ ಹಾಗೆ ಕೇಳಿದೆಯೇನೋ?"