ಹೊರೆಗಲ್ಲಿನ ದಾರಿ

"ಅವ್ವಾ, ನಾನು ಸರಿಯಾಗಿಯೇ ಹೇಳುತ್ತೇನೆ. ಜನ ತಪ್ಪಾಗಿಯೇ ನಡೆಯುತ್ತಾರೆ. ಇದಕ್ಕೆ ನಾನೇನು ಮಾಡಲಿ?"

ಕೇಳಿದವನು ಮುರಿಗೆಪ್ಪ, ಗುಡ್ಡದ ಮಠದ ಗುರುವಮ್ಮನ ಹಿರಿಯ ಶಿಷ್ಯ. ಹನ್ನೆರಡು ವರ್ಷ ಅವರ ಬಳಿ ಕಲಿತವನು. ಕಷ್ಟ ಹೇಳಿಕೊಂಡು ಮೆಟ್ಟಿಲು ಹತ್ತಿ ಬರುವವರಿಗೆ ಉತ್ತರ ಕೊಡುವ ಕೆಲಸ ಈಗ ಅವನದು. ಆ ದಿನ ಬೆಳಿಗ್ಗೆ ಒಬ್ಬ ಹೆಂಗಸು ಮೂರನೆಯ ಸಲ ಬಂದಿದ್ದಳು. ತಮ್ಮನ ಮೇಲಿನ ಸಿಟ್ಟು ಹೋಗುತ್ತಿಲ್ಲ, ಉಂಡದ್ದು ಮೈಗೆ ಹತ್ತುತ್ತಿಲ್ಲ, ಏನು ಮಾಡಲಿ ಎಂದು ಮೂರನೆಯ ಸಲವೂ ಅದನ್ನೇ ಕೇಳಿದ್ದಳು. ಮುರಿಗೆಪ್ಪ ಅವಳನ್ನು ಬಾಗಿಲಿನಿಂದಲೇ ಕಳಿಸಿಬಿಟ್ಟಿದ್ದ. ಅವಳು ಹೋಗಿರಲಿಲ್ಲ. ಕೆಳಗೆ ಮೊದಲ ಮೆಟ್ಟಿಲ ಮೇಲೆ ಕೂತಿದ್ದಳು.

ಗುರುವಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಅವಳಿಗೆ ಏನು ಹೇಳಿದ್ದೆ?"

"ಕ್ಷಮಿಸಿಬಿಡು ಎಂದಿದ್ದೆ. ಎರಡು ಸಲ ಹೇಳಿದ್ದೆ. ಒಂದೇ ಒಂದು ಮಾತು, ಅವ್ವಾ. ಅದನ್ನೂ ಮನೆಯವರೆಗೆ ಒಯ್ಯಲಾಗದಿದ್ದರೆ ನಾನು ಯಾರ ಹತ್ತಿರ ಹೇಳಿಕೊಳ್ಳಲಿ?"

"ಸರಿ. ಈ ಅಕ್ಕಿ ತೊಳೆಯಬೇಕು, ಗುರುಪಾದನನ್ನು ಕರೆ."

ಗುರುಪಾದ ಕಿರಿಯ ಶಿಷ್ಯ, ಹಿತ್ತಲಲ್ಲಿ ನೀರು ಸೇದುತ್ತಿದ್ದ. ಮುರಿಗೆಪ್ಪ ಬಾಯಿ ತೆರೆಯಲಿಲ್ಲ. ಪಕ್ಕದ ಕಂಬಕ್ಕೆ ಬೆರಳಿನ ಗಣ್ಣಿನಿಂದ ಎರಡು ಸಲ ಬಡಿದ. ನಾಲ್ಕು ವರ್ಷದ ಹಿಂದೆ ಗುರುಪಾದ ಮುರಿಗೆಪ್ಪನ ಕೈಬರಹದ ಪುಸ್ತಕವನ್ನು ಅಂಗಳದಲ್ಲಿ ಮರೆತು ಮಳೆಗೆ ನೆನೆಸಿದ್ದ. ಅಂದಿನಿಂದ ಅವನನ್ನು ಕರೆಯಬೇಕಾದರೆ ಮುರಿಗೆಪ್ಪನ ಬದಲು ಕಂಬವೇ ಮಾತಾಡುತ್ತಿತ್ತು. ಗುರುಪಾದ ಬಂದು, ಮೊರದ ಅಕ್ಕಿಯನ್ನು ಪಾತ್ರೆಗೆ ಸುರಿದುಕೊಂಡು, ತಲೆ ತಗ್ಗಿಸಿ ಹೋದ.

ಗುರುವಮ್ಮ ಬರಿದಾದ ಮೊರವನ್ನು ಗೋಡೆಗೆ ಒರಗಿಸಿದರು.

"ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ದಿಣ್ಣೆಗಳ ಸೀಮೆಯಲ್ಲಿ ಒಬ್ಬ ರೈತನಿದ್ದ. ಅವನ ಮನೆ ಒಂದು ಹಳೆಯ ಕಾಲುದಾರಿಯ ಮೊದಲಿಗೆ ಇತ್ತು. ಆ ದಾರಿ ದಿಣ್ಣೆ ಹತ್ತಿ, ಹೊಲಗಳ ಬದುವಿನ ಮೇಲೆ ಇಳಿದು, ಮತ್ತೆ ದಿಣ್ಣೆ ಹತ್ತಿ ಹೋಗುತ್ತಿತ್ತು. ಅದರ ಉದ್ದಕ್ಕೂ ಹಿಂದಿನವರು ಬಿಟ್ಟುಹೋದ ಗುರುತುಗಳಿದ್ದವು. ಒಂದು ಕಲ್ಲುಮಂಟಪ. ಯುದ್ಧದಲ್ಲಿ ಸತ್ತವನ ಹೆಸರಿನ ಒಂದು ವೀರಗಲ್ಲು. ಒಂದು ಕೊಳ. ಎಲ್ಲಕ್ಕಿಂತ ಆಚೆಗೆ ಒಂದು ಹೊರೆಗಲ್ಲು, ಎಂದರೆ ಎರಡು ನಿಲುವುಗಲ್ಲು, ಅವುಗಳ ಮೇಲೊಂದು ಅಡ್ಡಗಲ್ಲು, ಆಳೆತ್ತರ. ತಲೆಹೊರೆ ಹೊತ್ತವರು ಇನ್ನೊಬ್ಬರ ಕೈ ಬೇಡದೆ ಹೊರೆಯನ್ನು ಅದರ ಮೇಲೆ ಇಳಿಸಿ ಸುಧಾರಿಸಿಕೊಳ್ಳಬಹುದು.

ಹಿಂದೊಬ್ಬ ಅರಸ ಆ ರೈತನ ಮನೆತನಕ್ಕೆ ಒಂದು ಹೊಲವನ್ನು ಮಾನ್ಯವಾಗಿ ಕೊಟ್ಟಿದ್ದ. ಬಂದವರಿಗೆ ದಾರಿ ತೋರಿಸಬೇಕು, ಅಷ್ಟೇ ಕೆಲಸ. ಅದರ ನೆನಪಿಗೆ ಮನೆಯ ಮುಂದೆ ಒಂದು ಕಲ್ಲು ನೆಡಿಸಿದ್ದ. ಕಲ್ಲಿನ ಮೇಲೆ ಏನೋ ಕೆತ್ತಿತ್ತು. ರೈತ ಅದರ ಮೇಲೆ ತನ್ನ ಒದ್ದೆ ಪಂಚೆ ಒಣಹಾಕುತ್ತಿದ್ದ.

ಹಳೆಯ ಕಲ್ಲುಗಳನ್ನು ನೋಡುವವರು, ಹರಕೆ ಹೊತ್ತವರು, ಸುಮ್ಮನೆ ನಡೆಯುವುದಕ್ಕೆಂದೇ ಬಂದವರು, ಎಲ್ಲರೂ ಅವನ ಜಗಲಿಯ ಮುಂದೆ ನಿಲ್ಲುತ್ತಿದ್ದರು. ಅವನು ಅಜ್ಜನಿಂದ ಕಲಿತ ಮಾತನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದ. "ಮಂಟಪದವರೆಗೆ ನೇರ. ಹುಣಸೆಮರದ ಬಳಿ ಎಡಕ್ಕೆ ತಿರುಗು. ವೀರಗಲ್ಲನ್ನು ಬಲಕ್ಕಿಟ್ಟುಕೊಂಡು ದಿಣ್ಣೆ ಏರು. ನೀರು ಕಂಡಲ್ಲಿ ಇಳಿ. ಇಳಿದರೆ ಹೊರೆಗಲ್ಲು."

ಹತ್ತು ಜನ ಹೋದರೆ ಏಳು ಜನ ಮರಳಿ ಬಂದು ಅದನ್ನೇ ಕೇಳುತ್ತಿದ್ದರು. ರೈತನಿಗೆ ತಲೆ ಚಿಟ್ಟು ಹಿಡಿದಿತ್ತು. ನಿಧಾನವಾಗಿ ಹೇಳಿ ನೋಡಿದ. ಗಟ್ಟಿಯಾಗಿ ಹೇಳಿ ನೋಡಿದ. ಎಡಗೈ ಯಾವುದು ತೋರಿಸು ಎಂದು ದೊಡ್ಡ ಮನುಷ್ಯರನ್ನೂ ಕೇಳಿ ನೋಡಿದ. ಕಿವಿ ಇರುವ ಒಬ್ಬ ಪ್ರಾಣಿಯನ್ನೂ ದೇವರು ಈ ಕಡೆ ಕಳಿಸುವುದಿಲ್ಲವಲ್ಲ ಎಂದು ಹೆಂಡತಿಯ ಮುಂದೆ ಗೊಣಗುತ್ತಿದ್ದ.

ಒಂದು ದಿನ ಬೆಳಿಗ್ಗೆ ಒಬ್ಬ ಬಾಣಂತಿ ಬಂದಳು. ತಲೆಯ ಮೇಲೆ ರಾಗಿಯ ಮೂಟೆ. ಹೊರೆಗಲ್ಲಿನ ದಾರಿ ಕೇಳಿದಳು.

ಆ ಕಲ್ಲು ಅವಳ ತಾಯಿಯದು, ರೈತ ಚಿಕ್ಕವನಿದ್ದಾಗ ನಿಲ್ಲಿಸಿದ್ದು; ಅವಳು ಅದನ್ನು ಎಂದೂ ಕಂಡಿರಲಿಲ್ಲ. ತಾಯಿ ಎರಡನೆಯ ಹೆರಿಗೆಯಲ್ಲಿ, ಕೂಸು ಹೊಟ್ಟೆಯಲ್ಲಿರುವಾಗಲೇ ತೀರಿಕೊಂಡಿದ್ದಳು. ಬಸುರಿ ಸತ್ತರೆ ಅವಳ ಹೊರೆ ಇಳಿಯಲಿಲ್ಲ ಎಂದು ಆ ಸೀಮೆಯವರ ನಂಬಿಕೆ. ಅದಕ್ಕಾಗಿ ಅವಳ ಹೆಸರಿನಲ್ಲಿ ದಾರಿಯ ಪಕ್ಕ ಹೊರೆಗಲ್ಲು ನಿಲ್ಲಿಸುತ್ತಾರೆ. ಮುಂದೆ ಅವಳ ಮಗಳು ಹೆತ್ತು ಮೂರು ತಿಂಗಳು ತುಂಬುವುದರೊಳಗೆ ಒಂದು ಹೊರೆ ಹೊತ್ತು ತಂದು ಆ ಕಲ್ಲಿನ ಮೇಲೆ ಇಳಿಸಬೇಕು. ಆಗ ತಾಯಿಯ ಹೊರೆಯೂ ಇಳಿಯುತ್ತದೆ. ಮನೆ ಬಿಟ್ಟ ಮೇಲೆ ಹೊರೆ ನೆಲ ಮುಟ್ಟಬಾರದು, ಇನ್ನೊಬ್ಬರು ಕೈ ಹಚ್ಚಬಾರದು, ಹೊತ್ತು ಮುಳುಗಬಾರದು. ಅವಳಿಗೆ ಅದು ಮೂರನೆಯ ತಿಂಗಳ ಕಡೆಯ ದಿನ. ಹಾಲು ಕುಡಿಯುವ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಬಂದಿದ್ದಳು.

ರೈತ ಜಗಲಿಯಿಂದ ಏಳದೆ ದಾರಿ ಹೇಳಿದ. ಅವಳು ಹೋದಳು.

ಬಿಸಿಲು ಏರುವ ಹೊತ್ತಿಗೆ ಮರಳಿ ಬಂದಳು. ಮೂಟೆ ತಲೆಯ ಮೇಲೆಯೇ ಇತ್ತು.

"ಅಣ್ಣಾ, ಹುಣಸೆಮರದ ಬಳಿ ಎಡಕ್ಕೆ ತಿರುಗಿದೆ. ಮುಳ್ಳಿನ ಹಳ್ಳಕ್ಕೆ ಹೋಯಿತು."

"ಮಂಟಪದ ಪಕ್ಕದ ಹುಣಸೆಮರ, ತಂಗೀ. ನೀನು ಯಾವುದರ ಬಳಿ ತಿರುಗಿದೆ?"

"ಮಂಟಪದ ಪಕ್ಕ ಮರ ಇಲ್ಲ. ಅದರಿಂದ ಎರಡು ಹೊಲದಾಚೆ ಒಂದಿದೆ."

"ಇಲ್ಲದೆ ಎಲ್ಲಿ ಹೋಗುತ್ತದೆ? ಮರಕ್ಕೇನು ಕಾಲಿದೆಯೇ? ಕಣ್ಣು ಬಿಟ್ಟುಕೊಂಡು ಹೋಗು."

ಅವಳು ಮತ್ತೆ ಹೋದಳು. ಹೊತ್ತು ನೆತ್ತಿಯಿಂದ ಇಳಿದಾಗ ಮತ್ತೆ ಬಂದಳು. ಈಗ ಅವಳ ಕುಪ್ಪಸ ಹಾಲಿನಿಂದ ಒದ್ದೆಯಾಗಿತ್ತು. ಕತ್ತು ನಡುಗುತ್ತಿತ್ತು.

"ಮಂಟಪದ ಪಕ್ಕದಲ್ಲೇ ಎಡಕ್ಕೆ ತಿರುಗಿದೆ. ವೀರಗಲ್ಲನ್ನು ಬಲಕ್ಕಿಟ್ಟುಕೊಂಡೆ. ದಿಣ್ಣೆ ಏರಿ ಬಂಡೆಯ ತುದಿಗೆ ಹೋಗಿ ನಿಂತೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನನಗೂ ಒಂದು ಕಲ್ಲು ನಿಲ್ಲಿಸಬೇಕಾಗಿತ್ತು."

"ಹೇಳಿದ ಹಾಗೆ ಹೋದವರು ಬಂಡೆಗೆ ಹೋಗುವುದಿಲ್ಲ."

"ಅಣ್ಣಾ, ನೀನು ಹೇಳಿದ್ದನ್ನು ನಾನು ತಿರುಗಿ ಒಪ್ಪಿಸಲೇ? ಮಂಟಪದವರೆಗೆ ನೇರ..." ಅವಳು ಒಂದಕ್ಷರ ತಪ್ಪದೆ ಒಪ್ಪಿಸಿದಳು. "ಮಾತು ಪೂರ್ತಿ ಇದೆ. ಕಲ್ಲು ಮಾತ್ರ ಸಿಗುತ್ತಿಲ್ಲ."

ರೈತನಿಗೆ ರೇಗಿತು. ಇವಳಿಗೂ ಇಡೀ ಸೀಮೆಗೂ ಇವತ್ತು ಬುದ್ಧಿ ಕಲಿಸಿಯೇ ಬಿಡುತ್ತೇನೆಂದು ಮೆಟ್ಟು ಹಾಕಿಕೊಂಡ. "ಬಾ ನನ್ನ ಹಿಂದೆ" ಎಂದು ಬಿರಬಿರನೆ ಮುಂದೆ ನಡೆದ.

ಮಂಟಪ ಬಂತು. ಪಕ್ಕದಲ್ಲಿ ಹುಣಸೆಮರ ಇರಲಿಲ್ಲ. ಮಣ್ಣು ಮುಚ್ಚಿದ ಒಂದು ಬುಡವಿತ್ತು, ಅದರ ಮೇಲೆ ಗೆದ್ದಲು ಗೂಡು ಕಟ್ಟಿತ್ತು. ರೈತ ಬುಡವನ್ನು ಕಾಲಿನಿಂದ ಒಮ್ಮೆ ತಟ್ಟಿ ನೋಡಿದ. ಎಡಕ್ಕೆ ತಿರುಗಿದ. ವೀರಗಲ್ಲು ಬಂತು. ಹೊಲದ ನಡುವೆ ಉಳುವುದಕ್ಕೆ ಅಡ್ಡವಾಗುತ್ತದೆಂದು ಯಾರೋ ಅದನ್ನು ಕಿತ್ತು, ದಾರಿಯ ಆ ಬದಿಯಿಂದ ಈ ಬದಿಗೆ ತಂದು ಬದುವಿಗೆ ನಿಲ್ಲಿಸಿದ್ದರು. ಬಲಕ್ಕಿಟ್ಟುಕೊಂಡರೆ ಬಂಡೆ, ಎಡಕ್ಕಿಟ್ಟುಕೊಂಡರೆ ಬರೀ ದಿಣ್ಣೆ. ರೈತ ಎಡಕ್ಕಿಟ್ಟುಕೊಂಡು ಏರಿದ. ನೀರು ಕಂಡಲ್ಲಿ ಇಳಿಯಬೇಕು. ನೀರು ಎಲ್ಲಿಯೂ ಕಾಣಲಿಲ್ಲ. ಸುತ್ತಲೂ ದಿಣ್ಣೆಯಾದ ಮೇಲೆ ದಿಣ್ಣೆ, ಒಂದನ್ನು ನೋಡಿದರೆ ಇನ್ನೊಂದನ್ನು ನೋಡಬೇಕಾಗಿಲ್ಲ.

ಅಲ್ಲಿ ನಿಂತಾಗ ಅವನಿಗೆ ಒಂದು ವಿಷಯ ನೆನಪಾಯಿತು. ಈ ದಾರಿಯಲ್ಲಿ ಅವನು ಬಂದದ್ದು ಒಂದೇ ಸಲ, ಐದು ವರ್ಷದವನಿದ್ದಾಗ. ಅದೂ ನಡೆದು ಬಂದಿರಲಿಲ್ಲ. ಅಜ್ಜನ ಹೆಗಲ ಮೇಲೆ ಕೂತು ಬಂದಿದ್ದ.

ದಿಣ್ಣೆಯ ಆಚೆ ಒಬ್ಬ ಮುದುಕಿ ಕುರಿ ಮೇಯಿಸುತ್ತಿದ್ದಳು. ರೈತ ಗಂಟಲು ಸರಿಮಾಡಿಕೊಂಡು, ಹೊರೆಗಲ್ಲಿಗೆ ದಾರಿ ಯಾವುದಜ್ಜೀ ಎಂದು ಕೇಳಿದ.

"ನಾನು ಈ ಕಡೆಯವಳಲ್ಲಪ್ಪ" ಎಂದಳು ಮುದುಕಿ. "ದಾರಿಯ ಮೊದಲಿಗೆ ಒಂದು ಮನೆ ಇದೆಯಂತೆ. ಅಲ್ಲಿ ಒಬ್ಬ ರೈತ ಇದ್ದಾನಂತೆ. ಕೇಳಿದರೆ ನಾಯಿಯ ಹಾಗೆ ಮೈಮೇಲೆ ಬರುತ್ತಾನಂತೆ. ಆದರೆ ದಾರಿ ಗೊತ್ತಿರುವುದು ಅವನೊಬ್ಬನಿಗೇ ಅನ್ನುತ್ತಾರೆ. ಅಲ್ಲಿಗೆ ಹೋಗಿ ಕೇಳು."

ಬಾಣಂತಿ ನಗಲಿಲ್ಲ. ನಗುವುದಕ್ಕೂ ಕತ್ತು ಅಲುಗಬೇಕು.

"ಅಣ್ಣಾ" ಎಂದಳು, "ಇನ್ನು ನೀನು ನನ್ನ ಹಿಂದೆ ಬಾ. ಎಲ್ಲಿ ಇಲ್ಲ ಅನ್ನುವುದನ್ನು ಬೆಳಗಿನಿಂದ ನಾನು ನಡೆದು ನೋಡಿದ್ದೇನೆ. ಹಳ್ಳದ ಕಡೆ ಇಲ್ಲ. ಬಂಡೆಯ ಕಡೆ ಇಲ್ಲ. ಉಳಿದದ್ದು ಇದೊಂದೇ ಇಳಿಜಾರು."

ಅವಳು ಮುಂದೆ ನಡೆದಳು. ಅವನು ಹಿಂದೆ ನಡೆದ. ಇಳಿಯುತ್ತಾ ಒಂದು ಒಣ ಗುಂಡಿ ಸಿಕ್ಕಿತು. ಅದರ ಕಲ್ಲಿನ ಮೆಟ್ಟಿಲು ನೋಡಿದಾಗ, ಅಜ್ಜ ಹೇಳುತ್ತಿದ್ದ ನೀರು ಇದೇ ಎಂದು ಅವನಿಗೆ ತಿಳಿಯಿತು. ಅದರ ಕೆಳಗೆ ಮುಳ್ಳುಪೊದೆಯೊಳಗೆ ಹೊರೆಗಲ್ಲು ನಿಂತಿತ್ತು. ಹೊತ್ತು ದಿಣ್ಣೆಯ ಅಂಚು ಮುಟ್ಟಿತ್ತು. ರೈತ ಕುಡುಗೋಲು ತಂದಿರಲಿಲ್ಲ. ಬರಿಗೈಯಲ್ಲೇ ಮುಳ್ಳು ಕಿತ್ತ. ಹೊರೆಗೆ ಅವನು ಕೈ ಹಚ್ಚುವಂತಿರಲಿಲ್ಲ. ಅವಳು ಕಲ್ಲಿಗೆ ಎದೆ ಕೊಟ್ಟು ನಿಂತು, ಒಂದು ಸಲ ಉಸಿರು ಬಿಗಿಹಿಡಿದು, ಮೂಟೆಯನ್ನು ಅಡ್ಡಗಲ್ಲಿನ ಮೇಲೆ ಜಾರಿಸಿದಳು. ಬಹಳ ಹೊತ್ತು ಹಾಗೆಯೇ ಹಣೆಯನ್ನು ಕಲ್ಲಿಗೆ ಆನಿಸಿಕೊಂಡು ನಿಂತಿದ್ದಳು. ಆಮೇಲೆ ಕೂಸು ನೆನಪಾಗಿ ಓಡಿದಳು.

ರೈತ ರಕ್ತ ಸುರಿಯುವ ಕೈಯಲ್ಲಿ ಮನೆಗೆ ಬಂದ. ಅರಸ ನೆಡಿಸಿದ ಕಲ್ಲಿನ ಮೇಲಿನಿಂದ ಪಂಚೆ ತೆಗೆದ. ಎಷ್ಟೋ ವರ್ಷದ ಮೇಲೆ ಅದರ ಕೆತ್ತನೆ ನೋಡಿದ. ಜಗಲಿಯ ಮೇಲೆ ಕೂತು ಬೆರಳು ತೋರಿಸುವವನ ಚಿತ್ರ ಅಲ್ಲಿರಲಿಲ್ಲ. ಕೋಲು ಹಿಡಿದು ಒಬ್ಬ ಮುಂದೆ ನಡೆಯುತ್ತಿದ್ದ. ಹೊರೆ ಹೊತ್ತ ಒಬ್ಬಳು ಅವನ ಹಿಂದೆ ಬರುತ್ತಿದ್ದಳು.

ಗುರುವಮ್ಮ ಅಲ್ಲಿಗೆ ನಿಲ್ಲಿಸಿದರು. ಹಿತ್ತಲಿನಲ್ಲಿ ಗುರುಪಾದ ಅಕ್ಕಿ ತೊಳೆಯುವ ಸದ್ದು ಕೇಳುತ್ತಿತ್ತು.

 ಮುರಿಗೆಪ್ಪ ಒಪ್ಪಿಕೊಂಡವನಂತೆ ತಲೆಯಾಡಿಸಿದ. "ತಿಳಿಯಿತು, ಅವ್ವಾ. ಬರೀ ಬಾಯಿಮಾತಿನಲ್ಲಿ ಹೇಳಬಾರದು. ಆ ಹೆಂಗಸನ್ನು ಈಗಲೇ ಮೇಲಕ್ಕೆ ಕರೆಯುತ್ತೇನೆ. ಕ್ಷಮಿಸುವುದು ಹೇಗೆಂದು ಕೂರಿಸಿಕೊಂಡು ಬಿಡಿಸಿ ಹೇಳುತ್ತೇನೆ."

ಗುರುವಮ್ಮ ಕಣ್ಣು ಮುಚ್ಚಿ ಒಂದು ದೊಡ್ಡ ಉಸಿರು ಬಿಟ್ಟರು.

"ಕರೆಯುವೆಯಂತೆ, ಅದಕ್ಕೆ ಮೊದಲು ಗುರುಪಾದನನ್ನು ಒಂದು ಸಲ ಹೆಸರು ಹಿಡಿದು ಕೂಗು, ನಾನು ಕೇಳುತ್ತೇನೆ."