ಆವಿಗೆಯ ಹಾವುರಾಣಿ

ತಾಯಿಯನ್ನು ಮಣ್ಣು ಮಾಡಿ ಬಂದ ಶಿಷ್ಯ ಗುರುಗಳ ಮುಂದೆ ಕೂತು ಕೇಳಿದ: "ಗುರುಗಳೇ, ಹೋದವರು ನಮ್ಮ ಹತ್ತಿರ ಏನನ್ನು ಬಿಟ್ಟು ಹೋಗುತ್ತಾರೆ?"

ಗುರುಗಳು ಕತೆ ಹೇಳಿದರು.

ಒಬ್ಬ ಕುಂಬಾರ. ಅವನಿಗೊಬ್ಬಳು ಹೆಂಡತಿ. ಮಡಕೆ ಸುಡುವ ಆವಿಗೆಯ ಸಂದಿಯಲ್ಲಿ ಹಲ್ಲಿ ಜಾತಿಯ ಮೂರು ಹಾವುರಾಣಿಗಳು ಮನೆ ಮಾಡಿದ್ದವು. ಬೆಂಕಿ ಇಡುವ ಮುಂಚೆ ಹೆಂಡತಿ ಒಡೆದ ಮಡಕೆಯ ಬೋಕಿ ಚೂರು ತಗೊಂಡು ಕಲ್ಲಿಗೆ ಟಕಟಕ ಬಡಿಯುವಳು. ಅವು ಒಂದೊಂದಾಗಿ ಹೊರಗೆ ಬರುವವು. ಮೂರೂ ಬಂದ ಮೇಲೆಯೇ ಬೆಂಕಿ.

"ನಿನ್ನ ನೆಂಟರೆಲ್ಲ ಎದ್ದರೇನೇ?" ಕೊಳ್ಳಿ ಹಿಡಿದು ನಿಂತ ಕುಂಬಾರ ಕೇಳುವನು.

"ತಡೀರಿ. ಪಕ್ಕೆಯಲ್ಲಿ ಕರಿಪಟ್ಟಿ ಇರೋದು ಬಂತು. ಕಿವಿ ಹಿಂದೆ ಗಾಯ ಇರೋದೂ ಬಂತು. ಮೋಟುಬಾಲದ್ದು ಸೋಮಾರಿ, ಇನ್ನೂ ಒಳಗೇ ಇದೆ."

"ನನಗೆ ಎಲ್ಲಾ ಒಂದೇ ಥರ ಕಾಣ್ತವೆ."

"ನೋಡಿದರೆ ತಾನೇ ಕಾಣೋದು! ನಿಮ್ಮ ಮಡಕೆ ಎಲ್ಲಾ ಒಂದೇ ಥರ ಅಂದರೆ ಸುಮ್ಮನಿರ್ತೀರಾ?"

ಕುಂಬಾರ ನಗುವನು. ಬಗ್ಗಿ ನೋಡಿದವನಲ್ಲ.

ಆಮೇಲೆ ಅವಳು ಕಾಯಿಲೆ ಬಿದ್ದಳು. ಆವಿಗೆ ತಣ್ಣಗಾಯಿತು. ಮಳೆಗಾಲ ಮುಗಿಯುವುದರೊಳಗೆ ಅವಳು ಹೋದಳು.

ಎಷ್ಟೋ ತಿಂಗಳ ಮೇಲೆ ಕುಂಬಾರ ಒಬ್ಬನೇ ಹಸಿ ಮಡಕೆ ಜೋಡಿಸಿ, ಮೇಲೆ ಹುಲ್ಲು ಹೊದಿಸಿ ಆವಿಗೆ ಒಟ್ಟಿದ. ಕೊಳ್ಳಿ ಹಚ್ಚಿದ. ಕೈ ಮುಂದೆ ಹೋಗಲಿಲ್ಲ. ಬೋಕಿ ಹುಡುಕಿ ತಂದು ಬಡಿದ. ಕರಿಪಟ್ಟಿಯದು ಬಂತು. ಗಾಯದ್ದು ಬಂತು. ಹಿಂದೆಯೇ ಉದ್ದ ಬಾಲದ್ದೊಂದು ಬಂದು ಕಲ್ಲಿನ ಮೇಲೆ ಕೂತಿತು. ಯಾವುದೋ ಹೊಸದು. ಮೋಟುಬಾಲದ್ದು ಬರಲೇ ಇಲ್ಲ.

ಅಷ್ಟರಲ್ಲಿ ಮೋಡ ಕಟ್ಟಿತು. ಪಕ್ಕದ ಮನೆಯವನು ಕೂಗಿದ: "ಹಸಿ ಮಡಕೆ ನೆನೆದರೆ ಮತ್ತೆ ಮಣ್ಣೇ. ಹಾವುರಾಣಿಗೆ ಕಾಯ್ತಾ ಕೂತಿದ್ದೀಯಾ? ಬೆಂಕಿ ಇಡೋ ಮಾರಾಯ!"

"ಒಳಗಿದ್ದರೆ ಅವಳಿಗೆ ಏನು ಹೇಳಲಿ?" ಎಂದ ಕುಂಬಾರ. ಕೊಳ್ಳಿ ಆರಿಸಿದ. ಹುಲ್ಲು ಸರಿಸಿ ಮಡಕೆಗಳನ್ನು ಒಂದೊಂದೇ ಇಳಿಸಿದ. ಒಳಗೆ ಏನೂ ಇರಲಿಲ್ಲ.

ಸೋತು ಕಲ್ಲಿನ ಹತ್ತಿರ ಕೂತ. ಆ ಹೊಸದು ಇನ್ನೂ ಅಲ್ಲೇ ಇತ್ತು. ಕುಂಬಾರ ಬಗ್ಗಿದ. ಬಾಲ ಅರ್ಧದವರೆಗೆ ಮೈಯ ಬಣ್ಣ. ಅಲ್ಲಿಂದಾಚೆ ಬೇರೆ ಬಣ್ಣ, ಬಿರುಕಿಗೆ ಹೊಸ ಮಣ್ಣು ಮೆತ್ತಿದ ಹಾಗೆ.

"ಅಯ್ಯೋ, ನೀನೇನೋ ಸೋಮಾರಿ!" ಎಂದ. ಕಣ್ಣು ತುಂಬಿ ಬಂತು. "ಬಾಲ ಬಂತಲ್ಲೋ ನಿನಗೆ. ಅವಳು ನೋಡಲಿಲ್ಲವಲ್ಲೋ."

ಮತ್ತೆ ಒಟ್ಟುವಷ್ಟರಲ್ಲಿ ಹನಿ ಬಿದ್ದು ಕೆಲವು ಮಡಕೆ ಕರಗಿದವು. ಮೋಡ ಸರಿದ ಮೇಲೆ ಉಳಿದವಕ್ಕೆ ಬೆಂಕಿ ಇಟ್ಟ.

ಗುರುಗಳು ನಿಲ್ಲಿಸಿದರು. ಶಿಷ್ಯ ಕೇಳಿದ: "ಅವನಿಗೆ ಎಲ್ಲಾ ಒಂದೇ ಥರ ಕಾಣುತ್ತಿದ್ದವಲ್ಲ, ಗುರುಗಳೇ? ಗುರುತು ಹೇಗೆ ಹತ್ತಿತು?"

"ಆ ದಿನ ಬಗ್ಗಿ ನೋಡಿದ ಕಣ್ಣು ಯಾರದು, ಮಗು?" ಎಂದರು ಗುರುಗಳು.