ಒಂದೇ ತಾರೀಖಿನ ಲ್ಯಾಪ್‌ಟಾಪ್

"ಅಜ್ಜಾರ, ಮಾಡಿದ ತಪ್ಪು ದಿನಾ ನೆನಸ್ತೀನ್ರಿ, ದಿನಾ ಅಳ್ತೀನಿ. ಆದ್ರೂ ಎದಿ ಹಗುರ ಆಗವಲ್ದು. ಯಾಕ್ರಿ?"

ಹೀಗೆ ಕೇಳಿದವನು ಅಡಿವೆಪ್ಪ. ಅವನು ಮಠ ಸೇರಿ ನಾಲ್ಕು ವರ್ಷವಾಗಿತ್ತು. ಬೆಳಿಗ್ಗೆ ಪೂಜೆಗೆ ಹೂ ಕೊಯ್ಯುತ್ತಿದ್ದ, ದಾಸೋಹದಲ್ಲಿ ಬಡಿಸುತ್ತಿದ್ದ, ಉಳಿದ ಹೊತ್ತಿನಲ್ಲಿ ಕಂಬಕ್ಕೆ ಒರಗಿ ಕಣ್ಣೀರು ಹಾಕುತ್ತಿದ್ದ. ಏನು ತಪ್ಪು, ಯಾರಿಗೆ ಮಾಡಿದ್ದು ಎಂದು ಯಾರಿಗೂ ಹೇಳಿರಲಿಲ್ಲ. ಮಠದ ಹಿರಿಯ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಅಜ್ಜಾರೂ ಅವನನ್ನು ಕೇಳಿರಲಿಲ್ಲ. ತಾವಾಗಿ ಕೇಳದೆ ಇರುವುದು ಅವರ ಸ್ವಭಾವ. ತಮ್ಮನ್ನು ಕೇಳಿದರೆ ಉತ್ತರ ಕೊಡದೆ ಕತೆ ಹೇಳುವುದೂ ಅವರ ಸ್ವಭಾವವೇ.

ಅವತ್ತು ಬೆಳಗಿನ ಪ್ರಸಾದ ಮುಗಿದಿತ್ತು. ಅಜ್ಜಾರು ಕಟ್ಟೆಯ ಮೇಲೆ ಸರಿದು ಕೂತು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅರ್ಜಿ ಬರೆಯುವವನಿದ್ದ. ತಾಲ್ಲೂಕು ಕಚೇರಿಯ ಎದುರು ಅವನ ಮನೆ, ಮನೆಯ ಪಡಸಾಲೆಯೇ ಅವನ ಅಂಗಡಿ. ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ. ಆದರೆ ಕಾಲ ಬದಲಾಯಿತು. ಕೈಬರಹ ನಡೆಯುವುದಿಲ್ಲ, ಟೈಪು ಮಾಡಿಸಿ ತನ್ನಿ, ಆನ್‌ಲೈನಿನಲ್ಲಿ ಹಾಕಿಸಿ ಎಂದು ಕಚೇರಿಯವರು ಜನರನ್ನು ವಾಪಸು ಕಳಿಸತೊಡಗಿದರು. ಮುತ್ತಿನಂಥ ಅಕ್ಷರ ಕಟ್ಟಿಕೊಂಡು ಏನು ಮಾಡುವುದು? ಅವನು ಲ್ಯಾಪ್‌ಟಾಪ್ ಕೊಳ್ಳಲೇಬೇಕಾಯಿತು.

ಹೊಸದು ಅವನ ಕೈಗೆ ಎಟುಕುವಂತಿರಲಿಲ್ಲ. ಜಿಲ್ಲಾ ಕೇಂದ್ರದ ಬಸ್‌ಸ್ಟ್ಯಾಂಡಿನ ಹಿಂದೆ ಹಳೆಯ ಲ್ಯಾಪ್‌ಟಾಪ್ ಮಾರುವ ಅಂಗಡಿಯೊಂದಿತ್ತು. ಎತ್ತು ಕೊಳ್ಳುವವನು ಹಲ್ಲು ಹಿಡಿದು ನೋಡುವಂತೆ ಅವನು ಒಂದೊಂದನ್ನೂ ತೆರೆದು ನೋಡಿದ. ಪರದೆಯಲ್ಲಿ ಗೆರೆ ಇಲ್ಲದ, ಕೀಲು ಸಡಿಲಾಗದ, ಒತ್ತಿದ ಕೀ ಒತ್ತಿದಲ್ಲೇ ಕೂರದ ಒಂದನ್ನು ಆರಿಸಿದ. ಅದು ಎಂಟು ವರ್ಷ ಹಳೆಯದು. ಬ್ಯಾಟರಿ ಪೂರ್ತಿ ಸತ್ತಿತ್ತು, ವೈರು ಚುಚ್ಚಿದರೆ ಮಾತ್ರ ನಡೆಯುತ್ತಿತ್ತು. ಇರಲಿ, ನಾನೇನು ಹೊತ್ತುಕೊಂಡು ತಿರುಗುವವನಲ್ಲ ಎಂದುಕೊಂಡ.

ಅಂಗಡಿಯವನು ಇನ್ನೊಂದು ಕೊರತೆಯನ್ನೂ ಮುಚ್ಚಿಡದೆ ಹೇಳಿದ. ಒಳಗೆ ಬಿಲ್ಲೆಯಷ್ಟು ದೊಡ್ಡ ಒಂದು ಸೆಲ್ಲು ಇದೆ, ಗಡಿಯಾರ ನಡೆಯುವುದು ಅದರಿಂದ, ಅದೂ ಸತ್ತಿದೆ. ವೈರು ಕಿತ್ತಾಗಲೆಲ್ಲ ತಾರೀಖು ಹಿಂದಕ್ಕೆ, ಕಾರ್ಖಾನೆಯಲ್ಲಿ ಇಟ್ಟ ದಿನಕ್ಕೆ ಹೋಗಿಬಿಡುತ್ತದೆ. ಎರಡು ಚಹಾದ ದುಡ್ಡು ಕೊಟ್ಟರೆ ಈಗಲೇ ಬದಲಾಯಿಸುತ್ತೇನೆ ಎಂದ. ಇವನು ಅದನ್ನೂ ಉಳಿಸಿದ. ತಾರೀಖು ಬರೆಯುವುದೇ ನನ್ನ ಕಸುಬು, ದಿನಾ ನಾನೇ ಸರಿ ಮಾಡಿಕೊಳ್ಳುತ್ತೇನೆ ಎಂದು ನಕ್ಕು, ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ.

ಆಮೇಲೆ ಕೈಯಲ್ಲಿ ಆದಾಗ ಒಂದೊಂದಾಗಿ ಸುಧಾರಿಸುತ್ತ ಹೋದ. ಮೊದಲು ರ‍್ಯಾಮ್ ಹೆಚ್ಚಿಸಿದ. ಮುಂದಿನ ತಿಂಗಳು, ಕರಕರ ಸದ್ದು ಮಾಡುತ್ತಿದ್ದ ಹಳೆಯ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ. ಫ್ಯಾನಿನ ಧೂಳು ಊದಿಸಿದ, ಕೀಗಳ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿದ. ಹೋಟೆಲಿಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಎದ್ದೇಳುತ್ತಿದ್ದ ಯಂತ್ರ ಈಗ ಚಪ್ಪಲಿ ಮೆಟ್ಟುವುದರೊಳಗೆ ಸಿದ್ಧವಾಗಿರುತ್ತಿತ್ತು. ಜನ ಮತ್ತೆ ಅವನ ಪಡಸಾಲೆಗೆ ಬರತೊಡಗಿದರು. ಆ ಸೆಲ್ಲು ಮಾತ್ರ ಹಾಗೆಯೇ ಉಳಿಯಿತು.

ಪ್ರತಿದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಒಂದೇ ತಾರೀಖು. ಎಂಟು ವರ್ಷ ಹಿಂದಿನ ಮಾರ್ಚ್ ಹನ್ನೆರಡು. ಅದನ್ನು ಅಳಿಸಿ ಅಂದಿನ ತಾರೀಖು ಹಾಕಿ ಅವನು ಕೆಲಸ ಶುರುಮಾಡುತ್ತಿದ್ದ. ಕಣ್ಣು ನೋಡುತ್ತಿತ್ತು, ಮನಸ್ಸು ನೋಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಮನಸ್ಸೂ ನೋಡಿತು, ಅವನ ಕೈ ಕೀಲಿಮಣೆಯ ಮೇಲೆ ನಿಂತುಹೋಯಿತು.

ಎಂಟು ವರ್ಷದ ಹಿಂದೆ ಅದೇ ಮಾರ್ಚ್ ಹನ್ನೆರಡರಂದು, ಹನ್ನೊಂದು ಗಂಟೆಗೆ, ಅವನ ತಂಗಿ ಬಂದಿದ್ದಳು. ಗಂಡನ ಹೊಡೆತ ತಾಳಲಾರದೆ, ಒಂದು ಬಟ್ಟೆಗಂಟು ಹಿಡಿದು, ಬಸ್ಸಿಳಿದು ನೇರ ಅಣ್ಣನ ಬಾಗಿಲಿಗೆ ಬಂದಿದ್ದಳು. ಪಡಸಾಲೆಯಲ್ಲಿ ನಾಲ್ಕು ಜನ ಕೂತಿದ್ದರು. ಅವರ ಮುಂದೆ ಮಾನ ಹೋಗುತ್ತದೆಂದು ಅವನು ಹೊಸ್ತಿಲಲ್ಲೇ ಅವಳನ್ನು ತಡೆದು, ನಿನ್ನ ಮನೆಗೆ ನೀನು ಹೋಗು ಎಂದಿದ್ದ. ಒಂದು ಲೋಟ ನೀರನ್ನೂ ಕೊಟ್ಟಿರಲಿಲ್ಲ. ಅವಳು ಗಂಡನ ಮನೆಗೆ ಹೋಗಲಿಲ್ಲ. ಮೂರು ತಾಸು ದೂರದ ಒಂದು ಊರಿನಲ್ಲಿ, ಶಾಲೆಯ ಬಿಸಿಯೂಟದ ಅಡುಗೆ ಮಾಡಿಕೊಂಡು ಒಬ್ಬಳೇ ಇದ್ದಾಳೆ ಎಂದು ಆಮೇಲೆ ಯಾರೋ ಹೇಳಿದ್ದರು. ಆ ಊರಿನ ಹೆಸರು ಅವನಿಗೆ ಗೊತ್ತಿತ್ತು. ಎಂಟು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ.

ಇಷ್ಟು ಹೇಳಿ ಅಜ್ಜಾರು ನೀರು ಕುಡಿದರು. ಅಡಿವೆಪ್ಪನಿಗೂ ಒಬ್ಬ ತಂಗಿಯಿದ್ದಳು, ಕಸ್ತೂರಿ ಅಂತ. ಆ ಹೆಸರನ್ನು ಅವನು ಮಠದಲ್ಲಿ ಯಾರ ಮುಂದೆಯೂ ಎತ್ತಿರಲಿಲ್ಲ. ಅವನಿಗೆ ಎದ್ದು ಹೋಗಿಬಿಡಬೇಕು ಅನ್ನಿಸಿತು, ಆದರೂ ಕೂತೇ ಇದ್ದ. ಅಜ್ಜಾರು ಕತೆ ಮುಂದುವರಿಸಿದರು.

ಅವತ್ತು ಅರ್ಜಿ ಬರೆಯುವವನು ತಾರೀಖು ಬದಲಿಸಲಿಲ್ಲ. ಆ ದಿನದಲ್ಲೇ ಕೂತು ತಂಗಿಗೆ ಒಂದು ಕಾಗದ ಟೈಪು ಮಾಡಿದ. ಒಳಗೆ ಬಾ, ಇದು ನಿನ್ನದೇ ಮನೆ ಎಂದು ಬರೆದ. ಬರೆದು ಅತ್ತ. ಅತ್ತ ಮೇಲೆ ಎದೆ ಹಗುರವಾದಂತಾಯಿತು. ಕಾಗದವನ್ನು ಲ್ಯಾಪ್‌ಟಾಪಿನಲ್ಲೇ ಉಳಿಸಿಟ್ಟ. ಅಚ್ಚು ತೆಗೆಯಲಿಲ್ಲ, ಅಂಚೆಗೂ ಹಾಕಲಿಲ್ಲ. ಸಂಜೆ ವೈರು ಕಿತ್ತ. ಮರುದಿನ ಬೆಳಿಗ್ಗೆ ಅದೇ ದಿನ ಅವನಿಗಾಗಿ ಕಾದಿತ್ತು. ಇನ್ನೊಂದು ಕಾಗದ ಬರೆದ, ಮತ್ತೆ ಅತ್ತ.

ಅಳುವುದೂ ಒಂದು ಚಟವೇ. ಬೀಡಿಗಿಂತ ಬೇಗ ಅಂಟಿಕೊಳ್ಳುತ್ತದೆ, ಮೇಲಾಗಿ ಅದನ್ನು ಕಂಡು ಯಾರೂ ಬೈಯುವುದಿಲ್ಲ. ಮೊದಲು ಒಂದು ಗಳಿಗೆ ಆ ದಿನದಲ್ಲಿ ಇರುತ್ತಿದ್ದವನು ಬರಬರುತ್ತ ಸಂಜೆಯವರೆಗೂ ಅಲ್ಲೇ ಇರತೊಡಗಿದ. ಜನರ ಅರ್ಜಿಗಳೂ ಎಂಟು ವರ್ಷ ಹಿಂದಿನ ತಾರೀಖು ಹೊತ್ತು ಕಚೇರಿಗೆ ಹೋಗಿ, ಹೋದ ಹಾಗೇ ತಿರುಗಿ ಬಂದವು. ಅರ್ಜಿ ಹಾಕುವ ಜಾಲತಾಣಗಳು ತೆರೆಯಲಿಲ್ಲ. ನಿಮ್ಮ ಗಡಿಯಾರ ಹಿಂದಿದೆ ಎಂದು ಪರದೆಯ ಮೇಲೆ ಬರುತ್ತಿತ್ತು. ಅವನು ಓದಿ ಮುಚ್ಚಿಬಿಡುತ್ತಿದ್ದ. ಫೋಲ್ಡರಿನಲ್ಲಿ ಕಾಗದಗಳು ನೂರಾದವು, ಇನ್ನೂರಾದವು. ಎಲ್ಲದರ ಮುಂದೆಯೂ ಒಂದೇ ತಾರೀಖು ಇತ್ತು.

ಒಂದು ದಿನ ಹನ್ನೊಂದು ಗಂಟೆಯ ಸುಮಾರಿಗೆ, ಪಿಂಚಣಿಯ ಅರ್ಜಿಗೆಂದು ಬಂದ ಮುದುಕಿಯೊಬ್ಬಳು ಪಡಸಾಲೆಯಲ್ಲಿ ಕೂತಿದ್ದಳು. ಅವಳು ಬಾಗಿಲ ಕಡೆ ನೋಡಿ ಹೇಳಿದಳು:

"ಯಪ್ಪಾ, ಯಾರೋ ಹೆಣ್ಮಗಳು ಗಂಟು ಹಿಡ್ಕೊಂಡು ಬಿಸಲಾಗ ನಿಂತಾಳ ನೋಡು. ಒಳಗ ಕರಿ."

ಅವನು ತಿರುಗಿ ನೋಡಿದ. ಬಾಗಿಲು ತೆರೆದೇ ಇತ್ತು. ಹೊಸ್ತಿಲಾಚೆ ಬಿಸಿಲು ಬಿಟ್ಟರೆ ಬೇರೇನೂ ಇರಲಿಲ್ಲ. ಮುದುಕಿಗೆ ಕಣ್ಣು ಮಂಜು ಎಂದುಕೊಂಡ. ಆದರೆ ಮರುದಿನ ಬಂದ ಒಬ್ಬ ರೈತ, ಅಲ್ಲಿ ನಿಂತ ಯಾರಿಗೋ ತಾಗಬಾರದು ಎನ್ನುವ ಹಾಗೆ, ಪಕ್ಕಕ್ಕೆ ಸರಿದು ಹೊಸ್ತಿಲು ದಾಟಿದ. ಅವನ ಹಿಂದೆ ಬಂದವನೂ ಹಾಗೆಯೇ ಸರಿದ. ಅವರು ಹೋದ ಮೇಲೆ ಅರ್ಜಿ ಬರೆಯುವವನು ಎದ್ದು ಹೋಗಿ ನೋಡಿದ. ಹೊಸ್ತಿಲ ಮುಂದಿನ ಧೂಳಿನಲ್ಲಿ ಒಂದು ಜೊತೆ ಸಣ್ಣ ಚಪ್ಪಲಿಯ ಗುರುತಿತ್ತು. ಬಂದ ಗುರುತಿಲ್ಲ, ಹೋದ ಗುರುತಿಲ್ಲ, ನಿಂತ ಗುರುತು ಮಾತ್ರ. ಕಸಬರಿಗೆ ತಂದು ಗುಡಿಸಿದ. ಮಾರನೆಯ ದಿನ ಅದು ಇನ್ನಷ್ಟು ಆಳವಾಗಿ ಮೂಡಿತ್ತು.

ಅವನಿಗೆ ಊಟ ಸೇರದಾಯಿತು. ಆದರೂ ಬರೆಯುವುದನ್ನು ಬಿಡಲಿಲ್ಲ. ಕೊನೆಗೊಂದು ಬೆಳಿಗ್ಗೆ ಫೋಲ್ಡರ್ ತೆರೆದಾಗ, ಅವನು ಬರೆದ ಕಾಗದಗಳ ನಡುವೆ ಅವನು ಬರೆಯದ ಒಂದು ಕಾಗದವಿತ್ತು. ತಾರೀಖು ಅದೇ. ಒಳಗೆ ಒಂದೇ ಸಾಲು:

"ಅಣ್ಣಾ, ನಿಂತು ನಿಂತು ಕಾಲು ನೋಯಾಕತ್ತಾವು."

ಆ ದಿನವನ್ನು ಮತ್ತೆ ಮತ್ತೆ ತೆರೆದವನು ತಾನೇ ಎಂಬುದು ಅವನಿಗೆ ಆಗ ತಿಳಿಯಿತು. ಅವನು ತೆರೆದಾಗಲೆಲ್ಲ ಅವಳು ಗಂಟು ಹಿಡಿದು, ಬಸ್ಸಿಳಿದು ಬಂದು, ಅದೇ ಹೊಸ್ತಿಲಲ್ಲಿ ನಿಲ್ಲಬೇಕಾಗಿತ್ತು. ಒಳಗೆ ಅವನು ಅಳುತ್ತಿದ್ದ, ಹೊರಗೆ ಅವಳು ಬಿಸಿಲಲ್ಲಿ ನಿಂತಿರುತ್ತಿದ್ದಳು.

ಲ್ಯಾಪ್‌ಟಾಪನ್ನು ಬಗಲಲ್ಲಿ ಹಿಡಿದು ಜಿಲ್ಲಾ ಕೇಂದ್ರದ ಅಂಗಡಿಗೆ ಓಡಿದ. ಅಂಗಡಿಯವನು ಸತ್ತ ಸೆಲ್ಲು ತೆಗೆದು ಹೊಸದನ್ನು ಕೂರಿಸಿದ. ಹೆಚ್ಚು ಹೊತ್ತು ಹಿಡಿಯಲಿಲ್ಲ. ಮರುದಿನ ಪರದೆಯ ಮೇಲೆ ಅಂದಿನ ಸರಿಯಾದ ತಾರೀಖೇ ಇತ್ತು. ಜಾಲತಾಣಗಳು ತೆರೆದವು. ಹೊಸ್ತಿಲ ಮುಂದೆ ಗುರುತು ಮೂಡಲಿಲ್ಲ.

ಅವನು ಇನ್ನು ನೆಮ್ಮದಿಯಿಂದ ಇರಬಹುದಿತ್ತು. ಬಸ್ಸು ಹತ್ತಿ ತಂಗಿಯ ಊರಿಗೂ ಹೋಗಬಹುದಿತ್ತು. ಎರಡನ್ನೂ ಮಾಡಲಿಲ್ಲ. ಎಂಟು ದಿನ ಕಳೆಯುವುದರೊಳಗೆ ಅವನಿಗೆ ಆ ಹಳೆಯ ದಿನವೇ ಬೇಕೆನಿಸತೊಡಗಿತು. ಅಲ್ಲಿ ಅವಳು ಬಾಗಿಲವರೆಗಾದರೂ ಬರುತ್ತಿದ್ದಳು. ಇಲ್ಲಿ ತಾನೇ ಹೋಗಬೇಕು. ಹೋದಾಗ ಅವಳು ತನ್ನ ಮುಖ ನೋಡಿ ಬಾಗಿಲು ಹಾಕಿಕೊಂಡರೆ? ಒಂಬತ್ತನೆಯ ದಿನ ಅವನು ಮತ್ತೆ ಅಂಗಡಿಗೆ ಹೋಗಿ, ಹಳೆಯ ಸೆಲ್ಲನ್ನೇ ಹಾಕಿಕೊಡು ಎಂದು ಕೇಳಿದ. ಅಂಗಡಿಯವನು ಅವನ ಮುಖವನ್ನೊಮ್ಮೆ ನೋಡಿದ. ಕಸದ ಡಬ್ಬಿಯಲ್ಲಿ ಕೈಯಾಡಿಸಿ ಸತ್ತ ಸೆಲ್ಲನ್ನು ಹುಡುಕಿ ಹಾಕಿಕೊಟ್ಟ.

ಮರುದಿನ ಬೆಳಿಗ್ಗೆ ಮಾರ್ಚ್ ಹನ್ನೆರಡು ಮರಳಿ ಬಂದಿತ್ತು. ಅವನು ಪಡಸಾಲೆ ಗುಡಿಸಿ ಚಾಪೆ ಹಾಸಿದ. ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ ತಂದಿಟ್ಟುಕೊಂಡು ಹೊಸ್ತಿಲ ಬಳಿ ಕೂತ. ಈ ಸಲ ಒಳಗೆ ಕರೆದೇ ಕರೆಯುತ್ತೇನೆ ಎಂದುಕೊಂಡ. ಹತ್ತಾಯಿತು, ಹನ್ನೊಂದಾಯಿತು, ಹನ್ನೆರಡೂ ಆಯಿತು. ಬಂದ ಜನ ಬಾಗಿಲ ನಡುವಿನಿಂದಲೇ ನೇರ ಒಳಗೆ ಬಂದರು, ಯಾರೂ ಪಕ್ಕಕ್ಕೆ ಸರಿಯಲಿಲ್ಲ. ಧೂಳಿನಲ್ಲಿ ಬಂದವರ ಗುರುತಿತ್ತು, ಹೋದವರ ಗುರುತಿತ್ತು, ನಿಂತವರದು ಇರಲಿಲ್ಲ. ಸಂಜೆಯವರೆಗೂ ಅವನು ಹಾಗೆಯೇ ಕೂತಿದ್ದ.

ಅಜ್ಜಾರು ಅಲ್ಲಿಗೆ ನಿಲ್ಲಿಸಿದರು. ಅಡಿವೆಪ್ಪ ಮುಂದಿನ ಮಾತಿಗಾಗಿ ಕಾದ. ಅದು ಬರಲಿಲ್ಲ.

"ಆಕಿ ಯಾಕ ಬರಲಿಲ್ರಿ ಅಜ್ಜಾರ?" ಎಂದ. ಆಮೇಲೆ ಇನ್ನೂ ಮೆಲ್ಲಗೆ ಕೇಳಿದ: "ಆಕಿ ಅದಾಳೋ, ಇಲ್ಲೋ?"

ಅಜ್ಜಾರು ಅವನ ಮುಖ ನೋಡಿ ಹೇಳಿದರು:

"ನಿಮ್ಮ ಕಸ್ತೂರಿ ಊರಿನ ಬಸ್ಸು ಹತ್ತೂವರಿಗೆ ಐತಿ, ಹೋಗಿ ನೋಡ್ಕೊಂಡು ಬಾ."